ಬೋರ್ಡಿನ ಮೇಲೆ ಪದಗಳ ಮೋಡ

ಕೇಳುಗರೆಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಕನ್ನಡ ಮೇಷ್ಟ್ರು, ಟೀಚರ್ ಯಾರಾದರೂ ರೇಡಿಯೊ ಹತ್ತಿರ ಇದ್ದರೆ ಇವತ್ತಿನ ಮಾತು ಮುಖ್ಯವಾಗಿ ಅವರಿಗೆ.

ವರ್ಡ್ ಕ್ಲೌಡ್, ಅಂದರೆ ಪದಗಳ ಮೋಡ, ನೋಡಿರುತ್ತೀರಿ. ಬರಹದಲ್ಲಿ ಜಾಸ್ತಿ ಸಲ ಬಂದ ಪದ ದಪ್ಪಗೆ, ಕಡಿಮೆ ಬಂದದ್ದು ಸಣ್ಣಗೆ. ಜೊನಾಥನ್ ಫೀನ್‌ಬರ್ಗ್ ಅನ್ನುವವರು 2008ರಲ್ಲಿ ಹೊರತಂದ ವರ್ಡಲ್ ಎಂಬ ತಾಣದಿಂದ ಇದು ಶಾಲೆಗಳಿಗೂ ಹಬ್ಬಿತು. ಈಗ ಮೊಬೈಲಿನಲ್ಲಿ ಆಡುವ ವರ್ಡಲ್ ಆಟ ಬೇರೆ, ಬಿಡಿ.

ಪಾಠ ಮುಗಿದ ಮೇಲೆ ಇದನ್ನು ಚಂದಕ್ಕೆ ಗೋಡೆಗೆ ಅಂಟಿಸುವುದುಂಟು. ನನ್ನ ಕೇಳಿದರೆ, ಪಾಠಕ್ಕೆ ಮೊದಲೇ ಇದರ ಕೆಲಸ. ಕಿನ್ನಾಳ ಗೊಂಬೆಯ ಬಗ್ಗೆ ಒಂದು ಪುಟದ ಪಾಠ ಇದೆ ಅಂತಿಟ್ಟುಕೊಳ್ಳಿ. ಪಾಠ ಕೊಡಬೇಡಿ, ಮೋಡ ಮಾತ್ರ ಬರೆಯಿರಿ. ಗೊಂಬೆ ದೊಡ್ಡದು. ಮರ, ಬಣ್ಣ, ಚಿತ್ರಗಾರ ಅದಕ್ಕಿಂತ ಸಣ್ಣವು. ಮೂಲೆಯಲ್ಲಿ ಗೋಣಿ, ಹುಣಸೆ ಬೀಜ. ಇದು ಯಾವುದರ ಪಾಠ ಅಂತ ಕೇಳಿ. ಗೊಂಬೆಯದು ಅಂತ ಎಲ್ಲರೂ ಹೇಳುತ್ತಾರೆ, ಅದೇನು ದೊಡ್ಡ ಮಾತಲ್ಲ. ಆದರೆ ಗೊಂಬೆಗೂ ಹುಣಸೆ ಬೀಜಕ್ಕೂ ಏನು ಸಂಬಂಧ? ಕಣ್ಣಿಗೆ ಬೀಜ ಅಂಟಿಸ್ತಾರ ಸರ ಅಂತಾನೆ ಒಬ್ಬ. ಅಲ್ರೀ, ಬಣ್ಣಕ್ಕ ಹಾಕ್ತಾರ ಅಂತಾಳೆ ಇನ್ನೊಬ್ಬಳು. ಹೇಳಲಿ. ಆಮೇಲೆ ಪಾಠ ಕೈಗೆ ಕೊಡಿ. ಗೋಣಿ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿ, ಗೊಂಬೆಗೆ ಬಳಿಯುವ ಕಿಟ್ಟ ಎಂಬ ಲೇಪ ಮಾಡುತ್ತಾರೆ ಎಂಬ ಸಾಲು ಸಿಗುವವರೆಗೆ ಯಾರೂ ತಲೆ ಎತ್ತುವುದಿಲ್ಲ.

ಮೋಡ ಕಟ್ಟಲು ಕಂಪ್ಯೂಟರೇ ಬೇಕೆಂದಿಲ್ಲ. ಕನ್ನಡಕ್ಕಂತೂ ಕೈಲೆಕ್ಕವೇ ವಾಸಿ. ಸಾಮಾನ್ಯ ಸಾಧನಗಳಿಗೆ ಗೊಂಬೆ, ಗೊಂಬೆಯ, ಗೊಂಬೆಗೆ, ಗೊಂಬೆಗಳನ್ನು ಎಲ್ಲವೂ ಬೇರೆ ಬೇರೆ ಪದ. ಇಡೀ ಪಾಠ ಗೊಂಬೆಯದ್ದೇ ಆದರೂ ‘ಮತ್ತು’, ‘ಒಂದು’ ದಪ್ಪಗೆ ಬಂದು ಕೂರಬಹುದು. ಕೆಲವು ಕಡೆ ಒತ್ತಕ್ಷರ, ಕೊಂಬುಗಳೇ ಚೆಲ್ಲಾಪಿಲ್ಲಿ. ಹಾಗಂತ ಕೈಬಿಡಬೇಡಿ, ವಿಭಕ್ತಿ ಪಾಠ ಇಲ್ಲೇ ಇದೆ. ಗುಂಪಿಗೊಂದು ಪ್ಯಾರಾ ಹಂಚಿ. ಪೆನ್ಸಿಲಿನಲ್ಲಿ ಗುರುತು ಹಾಕಿ ಎಣಿಸಲಿ. ‘ಗೊಂಬೆಗೆ’ ಬಂದರೆ ಗೊಂಬೆಯ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ? ಜಗಳ ಗ್ಯಾರಂಟಿ. ಸುಮ್ನೆ ‘ಉ, ಅನ್ನು, ಇಂದ’ ಅಂತ ಬಾಯಿಪಾಠ ಮಾಡುವುದಕ್ಕಿಂತ ಈ ಜಗಳದಲ್ಲೇ ಜಾಸ್ತಿ ಕಲಿಯುತ್ತಾರೆ, ಅಲ್ವಾ?

ಮಕ್ಕಳ ಬರಹಕ್ಕೂ ಇದೇ ಉಪಾಯ ನಡೆಯುತ್ತದೆ. ಗವಿಮಠದ ಜಾತ್ರೆಯ ಬಗ್ಗೆ ಪ್ರಬಂಧ ಬರೆಸಿ, ಅವರವರ ಪದ ಅವರವರೇ ಎಣಿಸಲಿ. ತೇರು, ದಾಸೋಹ, ಮಿರ್ಚಿ ಎಲ್ಲ ಸಣ್ಣಗಾಗಿ, ‘ಆಮೇಲೆ’ ಒಂದೇ ಹಾಳೆ ತುಂಬ ಕೂತಿರುತ್ತದೆ. ನೀವು ಕೆಂಪು ಪೆನ್ನು ಹಿಡಿಯುವ ಮೊದಲೇ ಅವರೇ ಹೊಡೆದು ಹಾಕುತ್ತಾರೆ.

ಆದರೆ ಮೋಡ ನೋಡಿ ಅಂಕ ಮಾತ್ರ ಕೊಡಬೇಡಿ. ಪದ ಎಷ್ಟು ಸಲ ಬಂತು ಅಂತಷ್ಟೇ ಅದು ಹೇಳುವುದು. ತೇರು ನೋಡಿ ಹುಡುಗ ಕುಣಿದನೋ, ಗದ್ದಲದಲ್ಲಿ ಅಮ್ಮನ ಕೈ ಬಿಟ್ಟು ಅತ್ತನೋ ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಪ್ರಬಂಧವನ್ನೇ ಓದಬೇಕು. ನಮಸ್ಕಾರ.