ಅರವತ್ತು ತುಂಬದ ಕಟ್ಟಡ

ಭಾನುವಾರ ರಾತ್ರಿ ಕಟ್ಟಡ ಕೆಡವುವವರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಗುಮಾನಿ. ಸರಿಯಾದ ಕೆಲಸವಾಗಿದ್ದರೆ ಬೆಳಕು ಹರಿಯುವವರೆಗೆ ಕಾಯಬಹುದಲ್ಲ? 2017ರ ಏಪ್ರಿಲ್ 23, ಭಾನುವಾರ. ಅಂದು ರಾತ್ರಿ ದೆಹಲಿಯ ಪ್ರಗತಿ ಮೈದಾನಕ್ಕೆ ಯಂತ್ರಗಳು ನುಗ್ಗಿದವು. ಬೆಳಗಾಗುವಷ್ಟರಲ್ಲಿ ಹಾಲ್ ಆಫ್ ನೇಷನ್ಸ್ ಮಣ್ಣುಪಾಲಾಗಿತ್ತು.

ಅದು ಏನಾಗಿತ್ತು ಎಂದು ಹೇಳದೆ ಸಿಟ್ಟು ಮಾಡಿಕೊಳ್ಳುವುದು ನ್ಯಾಯವಲ್ಲ.

ಸ್ವಾತಂತ್ರ್ಯ ಬಂದು 25 ವರ್ಷ ತುಂಬಿದ 1972ರಲ್ಲಿ ‘ಏಷ್ಯಾ 72’ ಎಂಬ ಅಂತರರಾಷ್ಟ್ರೀಯ ವ್ಯಾಪಾರ ಮೇಳ ನಡೆಯಿತು. ಅದಕ್ಕಾಗಿ ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ ಸೇರಿ ಕಟ್ಟಿದ್ದು ಈ ಸಭಾಂಗಣ. ನೆತ್ತಿ ಕತ್ತರಿಸಿದ ಪಿರಮಿಡ್ಡಿನಂಥ ಆಕಾರ. ಓರೆ ತೊಲೆಗಳನ್ನು ತ್ರಿಕೋನ ತ್ರಿಕೋನವಾಗಿ ಹೆಣೆದ ಜಾಲವೇ ಅದರ ಚೌಕಟ್ಟು. ಸುಮಾರು 78 ಮೀಟರ್ ಅಗಲದ ಜಾಗ, ನಡುವೆ ಒಂದೇ ಒಂದು ಕಂಬವಿಲ್ಲ. ಗೋಲ್ ಗುಂಬಜ್‌ನ ಗುಮ್ಮಟದ ವ್ಯಾಸವೇ ಸುಮಾರು 44 ಮೀಟರ್ ಎಂಬುದನ್ನು ನೆನಪಿಸಿಕೊಂಡರೆ ಅಳತೆ ಸಿಗುತ್ತದೆ.

ಇಂಥ ಚೌಕಟ್ಟನ್ನು ಬೇರೆ ದೇಶಗಳಲ್ಲಿ ಉಕ್ಕಿನಲ್ಲಿ ಮಾಡುತ್ತಿದ್ದರು. ಕಾರ್ಖಾನೆಯಲ್ಲಿ ತಯಾರಾದ ಕೊಳವೆಗಳನ್ನು ತಂದು, ಒಂದಕ್ಕೊಂದು ಜೋಡಿಸಿ, ಬೋಲ್ಟ್ ಬಿಗಿದರೆ ಮುಗಿಯಿತು. ಆಗಿನ ಭಾರತದಲ್ಲಿ ಆ ಉಕ್ಕು ದುಬಾರಿ, ಬೇಕಾದಾಗ ಸಿಗುವಂಥದ್ದೂ ಅಲ್ಲ. ಇದ್ದದ್ದು ಸಿಮೆಂಟು ಮತ್ತು ದುಡಿಯುವ ಕೈಗಳು. ಹಾಗಾಗಿ ಇಡೀ ಜಾಲವನ್ನು ಕಾಂಕ್ರೀಟಿನಲ್ಲಿ, ಅದೂ ಸ್ಥಳದಲ್ಲೇ ಎರಕ ಹೊಯ್ದು ಕಟ್ಟಲು ಹೊರಟರು.

ಹೇಳುವುದು ಸುಲಭ. ಸೆಂಟ್ರಿಂಗ್ ಕೆಲಸ ಬಲ್ಲ ಯಾರನ್ನಾದರೂ ಕೇಳಿ ನೋಡಿ. ನೆಟ್ಟಗೆ ನಿಂತ ಕಂಬಕ್ಕೆ ಅಚ್ಚು ಕಟ್ಟುವುದು ಒಂದು ಮಾತು, ಗಾಳಿಯಲ್ಲಿ ಓರೆಯಾಗಿ ಏರುವ ತೊಲೆಗೆ ಕಟ್ಟುವುದು ಇನ್ನೊಂದು. ಅದಕ್ಕಿಂತ ದೊಡ್ಡ ತಲೆನೋವು ತೊಲೆಗಳು ಕೂಡುವ ಗಂಟುಗಳಲ್ಲಿ. ಹಲವು ದಿಕ್ಕುಗಳಿಂದ ಬಂದ ಕಬ್ಬಿಣದ ಸರಳುಗಳೆಲ್ಲ ಅಷ್ಟು ಸಣ್ಣ ಜಾಗದಲ್ಲಿ ಹೆಣೆದುಕೊಳ್ಳಬೇಕು. ಸರಳು ಒತ್ತೊತ್ತಾದರೆ ಜಲ್ಲಿ ಒಳಗಿಳಿಯುವುದಿಲ್ಲ, ಜಲ್ಲಿ ಇಳಿಯದಿದ್ದರೆ ಒಳಗೆ ಪೊಳ್ಳು. ಅಂಥ ಗಂಟುಗಳನ್ನು ಒಂದೊಂದಾಗಿ, ಬಹುಪಾಲು ಕೈಯಾರೆ, ಮೇಳದ ದಿನಾಂಕ ತಲೆಯ ಮೇಲೆ ತೂಗುತ್ತಿರುವಾಗ ಎರಕ ಹೊಯ್ದರು.

ಆ ಆಳವಾದ ತ್ರಿಕೋನಗಳು ಬರಿಯ ಭಾರ ಹೊರುತ್ತಿರಲಿಲ್ಲ, ಬಿಸಿಲನ್ನೂ ತಡೆಯುತ್ತಿದ್ದವು. ನಮ್ಮ ಹಳೆಯ ದೇವಾಲಯಗಳ ಜಾಲಂಧ್ರ, ಅಂದರೆ ಕಲ್ಲಿನ ಜಾಲರಿ ಕಿಟಕಿ, ಮಾಡುವ ಕೆಲಸವೇ ಅದು. ಬಡತನದಿಂದ ಹುಟ್ಟಿದ ಉಪಾಯವೊಂದು ದೆಹಲಿಯ ಬೇಸಿಗೆಗೂ ಉತ್ತರ ಕೊಟ್ಟಿತ್ತು. ಕಾಂಕ್ರೀಟ್ ಎಂದರೆ ಮೂಗು ಮುರಿಯುವವರು ಇದನ್ನು ನೋಡಬೇಕಿತ್ತು ಎನ್ನೋಣವೆಂದರೆ ಈಗ ನೋಡಲು ಏನೂ ಉಳಿದಿಲ್ಲ.

ಉಳಿಸಿ ಎಂದು ವಾಸ್ತುಶಿಲ್ಪಿಗಳು ಬೇಡಿದರು. ದೇಶದೊಳಗಿನವರು ಮಾತ್ರವಲ್ಲ, ಹೊರಗಿನ ಸಂಗ್ರಹಾಲಯಗಳೂ ಪತ್ರ ಬರೆದವು. ಪರಂಪರೆ ಸಂರಕ್ಷಣಾ ಸಮಿತಿಯ ಲೆಕ್ಕ ಬೇರೆಯೇ ಇತ್ತು: ಅರವತ್ತು ವರ್ಷ ತುಂಬದ ಕಟ್ಟಡವನ್ನು ಪರಂಪರೆಯ ಪಟ್ಟಿಗೆ ಪರಿಗಣಿಸುವುದಿಲ್ಲ. ಇದಕ್ಕೆ ಆಗ 45. ಹಿರಿಯ ನಾಗರಿಕರ ರೈಲು ರಿಯಾಯಿತಿಗೆ ವಯಸ್ಸು ನೋಡುತ್ತಿದ್ದರಲ್ಲ, ಹಾಗೆ! ದೆಹಲಿ ಹೈಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. ಕೆಲವೇ ದಿನಗಳಲ್ಲಿ ಆ ಭಾನುವಾರ ಬಂತು.

ದೊಡ್ಡ ಸಮಾವೇಶ ಕೇಂದ್ರ ಬೇಕಿತ್ತು ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಅಲ್ಲಿ ಎದ್ದ ಭಾರತ ಮಂಟಪದಲ್ಲಿ 2023ರ ಜಿ20 ಶೃಂಗಸಭೆ ನಡೆಯಿತು. ಆದರೆ ಒಂದನ್ನು ಉಳಿಸಿಕೊಂಡೇ ಇನ್ನೊಂದನ್ನು ಕಟ್ಟುವ ನಕ್ಷೆ ಬರೆಯುವುದು, ಆ ಗಂಟುಗಳಿಗೆ ಕಾಂಕ್ರೀಟ್ ಇಳಿಸುವುದಕ್ಕಿಂತ ಕಷ್ಟದ ಕೆಲಸವಾಗಿತ್ತೇ? ನನಗಂತೂ ನಂಬಿಕೆಯಿಲ್ಲ.

2022ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ದಕ್ಷಿಣ ಏಷ್ಯಾದ ಸ್ವಾತಂತ್ರ್ಯೋತ್ತರ ವಾಸ್ತುಶಿಲ್ಪದ ಪ್ರದರ್ಶನ ಏರ್ಪಡಿಸಿ, ಅದರಲ್ಲಿ ಈ ಸಭಾಂಗಣಕ್ಕೂ ಜಾಗ ಕೊಟ್ಟಿತು. ಮಹೇಂದ್ರ ರಾಜ್ ತೀರಿಕೊಂಡದ್ದೂ ಅದೇ ವರ್ಷ. ಅವರ ಕಟ್ಟಡ ಉಳಿದಿದ್ದರೆ ಆಗ ಅದಕ್ಕೆ ಐವತ್ತು.