ಅಪಾಯದ ಗೆರೆಯನ್ನು ಕಾನೂನಿನೊಳಗೆ ತನ್ನಿ

ನಮಸ್ಕಾರ. ಮುಂಬಯಿಯ ಕಲೀನಾದಲ್ಲಿ ನನ್ನ ಸೋದರಮಾವನ ಮನೆಯಿದೆ. ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯ ಮೂಲೆಯಲ್ಲಿ ಹಳೆಯ ಕಬ್ಬಿಣದ ಕಪಾಟು. ಅದರ ಬಾಗಿಲ ಮೇಲೆ ನನ್ನ ಸೊಂಟದ ಎತ್ತರಕ್ಕೆ ಅಡ್ಡಲಾಗಿ ಒಂದು ಗೆರೆಯಿದೆ. ಗೆರೆಯ ಕೆಳಗೆ ತುಕ್ಕು, ಮೇಲೆ ಹಸಿರು ಬಣ್ಣ ಹಾಗೆಯೇ ಉಳಿದಿದೆ. ಯಾರೂ ಕೈಯಿಂದ ಎಳೆದದ್ದಲ್ಲ. 2005ರ ಜುಲೈ 26ರ ರಾತ್ರಿ ಮೀಠಿ ನದಿಯ ನೀರು ಒಳಗೆ ಬಂದು ನಿಂತು ಬಿಟ್ಟುಹೋದ ಗುರುತು ಅದು.

ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಈ ಅಂಕಿ ಮುಂಬಯಿಯ ಎಲ್ಲರಿಗೂ ಬಾಯಿಪಾಠ. ಆದರೆ ಮಳೆಯ ಲೆಕ್ಕ ಹೇಳುವಾಗ ಕಡಲಿನ ಲೆಕ್ಕವನ್ನು ಮರೆತುಬಿಡುತ್ತೇವೆ. ಆ ಮಧ್ಯಾಹ್ನ ಕಡಲಿನಲ್ಲಿ ದೊಡ್ಡ ಭರತಿ, ಅಂದರೆ ಉಬ್ಬರ, ಇತ್ತು. ಮಲ್ಪೆಯ ದೋಣಿಗಳಲ್ಲಿ ದುಡಿದು, ಆಮೇಲೆ ಇಲ್ಲಿನ ಹೋಟೆಲಿಗೆ ಬಂದು ಸೇರಿದ ಮಾವನಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. "ಅಳಿವೆಯ ಬಾಯಿಯಲ್ಲಿ ಕಡಲು ನಿಂತರೆ ಹೊಳೆ ಎಲ್ಲಿಗೆ ಹೋಗಬೇಕು? ಮನೆಗೇ ಬರುತ್ತದೆ," ಎಂದಿದ್ದರು. ಮೀಠಿ ಮಾಹೀಮ್‌ನಲ್ಲಿ ಕಡಲು ಸೇರುತ್ತದೆ. ಅದರ ಅಳಿವೆಯ ಜೌಗು ನೆಲಕ್ಕೆ ಮಣ್ಣು ತುಂಬಿಸಿದ ಜಾಗದ ಮೇಲೆಯೇ ಇಂದಿನ ಬಾಂದ್ರಾ-ಕುರ್ಲಾ ಸಂಕೀರ್ಣ ನಿಂತಿದೆ. ಉಬ್ಬರದ ನೀರಿಗೆ ಹಿಂದೆ ಹರಡಿಕೊಳ್ಳಲು ಇದ್ದ ನೆಲವನ್ನು ನಾವು ಕಸಿದುಕೊಂಡೆವು, ಅದು ಕಲೀನಾ, ಕುರ್ಲಾಗಳ ಮನೆಗಳಿಗೆ ನುಗ್ಗಿತು.

ಇಷ್ಟು ಹೇಳಿದ್ದು ದೆಹಲಿಯ ಒಂದು ಕಾನೂನಿನ ಬಗ್ಗೆ ಮಾತನಾಡಲು. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಎಲ್ಲರೂ ಸಿಆರ್‌ಝಡ್ ಎನ್ನುತ್ತಾರಲ್ಲ, ಅದು. ಕಡಲ ತೀರದ 500 ಮೀಟರ್ ಒಳಗೆ ಕಟ್ಟಡ ಬೇಡ ಎಂದು 1981ರಲ್ಲಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಅದು ಕಾನೂನಿನ ರೂಪ ಪಡೆದದ್ದು 1991ರ ಫೆಬ್ರವರಿ 19ರಂದು, 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ. ನಂತರದ 20 ವರ್ಷಗಳಲ್ಲಿ ಅದಕ್ಕೆ 20ಕ್ಕೂ ಹೆಚ್ಚು ತಿದ್ದುಪಡಿಗಳಾದವು. 2011ರಲ್ಲಿ ಹೊಸ ಅಧಿಸೂಚನೆ, 2019ರ ಜನವರಿಯಲ್ಲಿ ಮತ್ತೊಂದು.

2011ರ ಅಧಿಸೂಚನೆಯಲ್ಲಿ ಒಂದು ಒಳ್ಳೆಯ ಮಾತಿತ್ತು: ಅಪಾಯದ ಗೆರೆ. ಭರತಿಯ ನೀರು ಇಂದು ಎಲ್ಲಿಯವರೆಗೆ ಬರುತ್ತದೆ ಎಂಬುದಷ್ಟೇ ಸಾಲದು. ಅಲೆಗಳ ಹೊಡೆತ, ಸಮುದ್ರಮಟ್ಟದ ಏರಿಕೆ, ತೀರ ಸರಿಯುತ್ತಿರುವ ರೀತಿ ಎಲ್ಲವನ್ನೂ ಕೂಡಿಸಿ, ಮುಂದೆ ನೀರು ಎಲ್ಲಿಯವರೆಗೆ ಬರಬಹುದು ಎಂದು ನಕ್ಷೆಯಲ್ಲಿ ಗುರುತಿಸಬೇಕು ಎಂದಿತ್ತು. ಭಾರತೀಯ ಸರ್ವೇಕ್ಷಣಾ ಇಲಾಖೆ ಆ ಕೆಲಸವನ್ನು ಮಾಡಿತು. ಆದರೆ 2019ರ ಅಧಿಸೂಚನೆ ಆ ಗೆರೆಯನ್ನು ಕಟ್ಟಡಗಳ ನಿಯಂತ್ರಣದಿಂದ ಬೇರ್ಪಡಿಸಿತು. ಈಗ ಅದು ವಿಪತ್ತು ನಿರ್ವಹಣೆಯ ಯೋಜನೆಗೆ ಬಳಸುವ ಸಾಧನ ಮಾತ್ರ. ನೀರು ಬರಬಹುದಾದ ಜಾಗ ಸರ್ಕಾರಕ್ಕೆ ಗೊತ್ತಿದೆ, ಆದರೆ ಅಲ್ಲಿ ಮನೆ ಕಟ್ಟಬೇಡಿ ಎನ್ನಲು ಆ ಗೆರೆಗೆ ಅಧಿಕಾರವಿಲ್ಲ. ಇದನ್ನು ಓದಿದ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅದೇ ಅಧಿಸೂಚನೆಯಲ್ಲಿ ಇನ್ನೂ ಎರಡು ಬದಲಾವಣೆಗಳಾದವು. ಉಬ್ಬರ-ಇಳಿತವಿರುವ ಖಾರಿ, ಹೊಳೆಗಳ ದಂಡೆಯಲ್ಲಿ ನಿಯಂತ್ರಣದ ಪಟ್ಟಿ 100 ಮೀಟರ್ ಇತ್ತು, ಅದು 50ಕ್ಕೆ ಇಳಿಯಿತು. ಖಾರಿಯ ಅಗಲ ಅದಕ್ಕಿಂತ ಕಡಿಮೆಯಿದ್ದರೆ ಪಟ್ಟಿಯೂ ಆ ಅಗಲದಷ್ಟೇ. ಮಾವನ ಮನೆಗೆ ನೀರು ಬಂದದ್ದು ಮರೀನ್ ಡ್ರೈವ್ ಕಡೆಯಿಂದಲ್ಲ, ಇಂಥ ಹೊಳೆಯ ಕಡೆಯಿಂದ. ಎರಡನೆಯದು ಹಳ್ಳಿಗಳದ್ದು. 2011ರ ಜನಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಕಡೆ, ಏನನ್ನೂ ಕಟ್ಟಬಾರದೆಂಬ ಪಟ್ಟಿ 200 ಮೀಟರಿನಿಂದ 50ಕ್ಕೆ ಇಳಿಯಿತು. ಜನ ದಟ್ಟವಾಗಿರುವಲ್ಲಿ ಜಾಗದ ಅಭಾವ ಹೆಚ್ಚು, ನಿಜ. ಆದರೆ ಅಲೆ ಬಂದಾಗ ಸಿಕ್ಕಿಕೊಳ್ಳುವ ಮಕ್ಕಳು ಮುದುಕರೂ ಅಲ್ಲಿಯೇ ಹೆಚ್ಚು.

ಹಳೆಯ ಕಾನೂನು ಎಲ್ಲರಿಗೂ ನ್ಯಾಯ ಕೊಟ್ಟಿತ್ತು ಎಂದು ನಾನು ಹೇಳುವುದಿಲ್ಲ. ಮುಂಬಯಿಯ ತೀರದ ಹಳೆಯ ಕಟ್ಟಡಗಳ ಮರುನಿರ್ಮಾಣ 1991ರ ನಿಯಮಗಳಿಗೆ ಕಟ್ಟುಬಿದ್ದು ವರ್ಷಗಟ್ಟಲೆ ನಿಂತಿತ್ತು. ಸೋರುವ ಮಾಳಿಗೆಯಡಿ ಬದುಕಿದವರಲ್ಲಿ ನಮ್ಮವರೂ ಇದ್ದರು. ಅವರಿಗೆ ಗಟ್ಟಿ ಮನೆ ಬೇಕೇ ಬೇಕು. ವೆಸಾವೆ, ವರ್ಲಿಯ ಕೋಳಿವಾಡಗಳ, ಅಂದರೆ ಮೀನುಗಾರರ ಕೇರಿಗಳ, ಜನರಿಗೂ ಅಷ್ಟೇ; ತಲೆಮಾರುಗಳಿಂದ ಕಡಲಿನ ಪಕ್ಕದಲ್ಲಿಯೇ ಬದುಕಿದವರನ್ನು ಕಾನೂನು ಹೆಸರಿನಲ್ಲಿ ಹೊರಗೆ ಹಾಕಬಾರದು. ಕರಾವಳಿ ರಸ್ತೆಯನ್ನು ವರ್ಲಿ ಸೇತುವೆಗೆ ಜೋಡಿಸುವಾಗ ಕಂಬಗಳ ನಡುವೆ 60 ಮೀಟರ್ ಅಂತರವೆಂದು ಯೋಜಿಸಿದ್ದರು. ದೋಣಿಗಳು ಸುರಕ್ಷಿತವಾಗಿ ದಾಟಲು ಅಷ್ಟು ಸಾಲದೆಂದು ವರ್ಲಿಯ ಮೀನುಗಾರರು ಹಟ ಹಿಡಿದು ಹೋರಾಡಿದರು, ಕೊನೆಗೆ ಅದು 120 ಮೀಟರ್ ಆಯಿತು. ಗಾಳಿ ತಿರುಗಿದಾಗ ದೋಣಿ ಹೇಗೆ ಅಡ್ಡವಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅಪಾಯದ ಗೆರೆ ಎಳೆಯುವಾಗಲೂ ಇಂಥವರನ್ನು ಕೂರಿಸಿಕೊಂಡು ಕೇಳಬೇಕು.

ಕರ್ನಾಟಕದ ಕರಾವಳಿಯಿಂದ ಮುಂಬಯಿಗೆ ಬಂದ ನಾವು ಎರಡು ತೀರಗಳ ಚಿಂತೆ ಹೊತ್ತವರು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಮೊದಲು ಊರಿನ ತೀರವನ್ನು ಬಡಿದು, ಎರಡು ದಿನಗಳಲ್ಲಿ ಮುಂಬಯಿಯ ಮಗ್ಗುಲಿಗೆ ಬಂತು. ಉಳ್ಳಾಲದ ಕಡೆಯಿಂದ ಫೋನಿನಲ್ಲಿ ಮನೆ, ತೆಂಗಿನ ಮರ ಎಂದು ಅಳುವ ದನಿ ಕೇಳಿ ಮುಗಿಯುವ ಮೊದಲೇ ಇಲ್ಲಿ ಕಿಟಕಿಗಳು ನಡುಗುತ್ತಿದ್ದವು. ಕಡಲ್ಕೊರೆತಕ್ಕೆ ಊರಿನಲ್ಲಿ ಕಲ್ಲು ಸುರಿಯುತ್ತಾರೆ, ಮರುವರ್ಷ ಅದರ ಪಕ್ಕದ ತೀರ ಕೊಚ್ಚಿಕೊಂಡು ಹೋಗುತ್ತದೆ. ಎಲ್ಲಿ ಕೊರೆಯುತ್ತದೆ ಎಂದು ನಕ್ಷೆ ಹೇಳುತ್ತಿರುವಾಗ, ಅಲ್ಲಿ ಹೊಸ ರೆಸಾರ್ಟಿಗೆ ಒಪ್ಪಿಗೆ ಕೊಟ್ಟು ನಂತರ ತಡೆಗೋಡೆಗೆ ಟೆಂಡರ್ ಕರೆಯುವುದು ಯಾವ ಲೆಕ್ಕ?

ನನ್ನ ಬೇಡಿಕೆ ಒಂದೇ. ಆ ಗೆರೆಯನ್ನು ಮತ್ತೆ ಕಾನೂನಿನೊಳಗೆ ತನ್ನಿ. ಅದರೊಳಗೆ ಈಗಾಗಲೇ ಇರುವವರ ಮನೆಗಳನ್ನು ಎತ್ತರಿಸಲು ಹಣ ಕೊಡಿ, ಹೊಸ ಬಹುಮಹಡಿ ಕಟ್ಟಡಗಳಿಗೆ ಅನುಮತಿ ಕೊಡಬೇಡಿ. ನಕ್ಷೆಯನ್ನು ಮರಾಠಿಯಲ್ಲಿ, ಕನ್ನಡದಲ್ಲಿ, ಸರ್ವೇ ನಂಬರಿನ ಸಹಿತ ವಾರ್ಡ್ ಕಚೇರಿಯ, ಪಂಚಾಯಿತಿಯ ಗೋಡೆಗೆ ಅಂಟಿಸಿ. ಕಾಂಡ್ಲಾ ಕಾಡನ್ನು, ಅಂದರೆ ಅಳಿವೆಯ ಮ್ಯಾಂಗ್ರೋವ್ ಮರಗಳನ್ನು, ನಾಶಮಾಡುವುದು ಬದುಕುವ ಹಕ್ಕಿನ ಉಲ್ಲಂಘನೆ ಎಂದು ಬಾಂಬೆ ಹೈಕೋರ್ಟ್ 2018ರಲ್ಲಿಯೇ ಹೇಳಿದೆ. ಆ ಕಾಡಿನ ಹಿಂದೆ ವಾಸಿಸುವ ಜನರ ಹಕ್ಕೂ ಅದೇ ಅಲ್ಲವೇ?

ಪ್ರತಿ ಮಳೆಗಾಲದ ಮುನ್ನ ಮುಂಬಯಿ ಮಹಾನಗರಪಾಲಿಕೆ ನಾಲ್ಕೂವರೆ ಮೀಟರಿಗಿಂತ ಎತ್ತರದ ಭರತಿಯ ದಿನಗಳ ಪಟ್ಟಿ ಹೊರಡಿಸುತ್ತದೆ. ಈ ಬಾರಿಯೂ ಅತ್ತೆಗೆ ನಾನೇ ಓದಿ ಹೇಳಿದೆ. ಅವರು ಕ್ಯಾಲೆಂಡರಿನಲ್ಲಿ ಒಂದೊಂದೇ ದಿನಕ್ಕೆ ಕುಂಕುಮದ ಚುಕ್ಕಿ ಇಟ್ಟರು. ಆಮೇಲೆ ಎದ್ದು ಹೋಗಿ, ರೇಷನ್ ಕಾರ್ಡು ಮತ್ತು ಊರಿನ ಜಾಗದ ಪತ್ರಗಳನ್ನು ಆ ಕಪಾಟಿನ ಮೇಲಿನ ಖಾನೆಗೆ ಎತ್ತಿಟ್ಟರು.