ಪರದೆಯ ಕೆಳಗಿನ ಎರಡು ಸಾಲು

ಕೇಳುಗರಿಗೆ ನಮಸ್ಕಾರ.

ನಾಟಕ, ಸಂಗೀತ ನಡೆಯುವ ರಂಗಮಂದಿರದಲ್ಲಿ ಒಮ್ಮೊಮ್ಮೆ ಸಂಜೆ ಬಿಳಿ ಪರದೆ ಇಳಿಯುತ್ತದೆ. ಆ ದಿನ ಇರಾನಿನದೋ ಜಪಾನಿನದೋ ಒಂದು ಸಿನಿಮಾ. ಇಲ್ಲವೇ ಯಾರೋ ಹುಡುಗರು ಸಾಲ ಮಾಡಿ, ಗೆಳೆಯರ ಕೈಲೇ ನಟನೆ ಮಾಡಿಸಿ ತೆಗೆದದ್ದು. ಇರುವುದು ಒಂದೇ ಆಟ. ಜೊತೆಗೆ ಬನ್ನಿ ಅಂತ ಸ್ನೇಹಿತರನ್ನು ಕರೆದರೆ ನನಗೆ ಸಿಗುವ ಉತ್ತರವೂ ಒಂದೇ. "ಭಾಷೆ ಬರಲ್ಲ. ಕೆಳಗೆ ಓದ್ತಾ ಕೂತರೆ ಸಿನಿಮಾ ಯಾವಾಗ ನೋಡೋದು?"

ಇವತ್ತು ಆ ಪ್ರಶ್ನೆಗೇ ಉತ್ತರ ಹೇಳಬೇಕು ಅಂತ ಬಂದಿದ್ದೇನೆ.

ನನಗೂ ಮೊದಲ ಸಲ ಹಾಗೇ ಆಯಿತು. ಕಣ್ಣು ಸಬ್‌ಟೈಟಲ್, ಅಂದರೆ ಪರದೆಯ ಕೆಳಗೆ ಬರುವ ಮಾತಿನ ಅನುವಾದ, ಬಿಟ್ಟು ಮೇಲೇಳಲಿಲ್ಲ. ಮುಖಗಳು ತಪ್ಪಿಹೋದವು. ಹದಿನೈದು ನಿಮಿಷ ಒದ್ದಾಡಿದೆ. ಆಮೇಲೆ ಯಾವಾಗ ಓದುತ್ತಿದ್ದೇನೆ ಅನ್ನೋದೇ ಮರೆತುಹೋಯಿತೋ ಗೊತ್ತಿಲ್ಲ. ಮಾರನೆಯ ದಿನ ನೆನಪಿಸಿಕೊಂಡರೆ, ಆ ಸಿನಿಮಾದ ತಾಯಿ ಮಗನಿಗೆ ಕನ್ನಡದಲ್ಲೇ ಬೈದ ಹಾಗೆ ನೆನಪು! ಅವಳ ಭಾಷೆಯ ಒಂದು ಪದವೂ ನನಗೆ ಬರುವುದಿಲ್ಲ.

ಇದರ ಹಿಂದೆ ಒಬ್ಬರ ಕೈಚಳಕ ಇದೆ. ಸಬ್‌ಟೈಟಲ್ ಬರೆಯುವವರಿಗೆ ಸಿಗುವುದು ಸಾಮಾನ್ಯವಾಗಿ ಎರಡೇ ಸಾಲು. ಇಂಗ್ಲಿಷಿನಲ್ಲಾದರೆ ಸಾಲಿಗೆ ಸುಮಾರು 40 ಅಕ್ಷರ. ಅದು ಪರದೆಯ ಮೇಲೆ ನಿಲ್ಲುವುದು ಹೆಚ್ಚೆಂದರೆ ಆರೇಳು ಸೆಕೆಂಡ್. ಜಗಳದ ದೃಶ್ಯದಲ್ಲಿ ಅಷ್ಟು ಹೊತ್ತಿಗೆ ಎಷ್ಟು ಮಾತು ಹರಿದುಹೋಗುತ್ತದೆ, ಯೋಚಿಸಿ. ಹಾಗಾಗಿ ಅವರು ಕತ್ತರಿಸುತ್ತಾರೆ. ದನಿಯಲ್ಲೇ ಗೊತ್ತಾಗುವ ಸಿಟ್ಟನ್ನು ಬರೆಯುವುದಿಲ್ಲ. ಮುಖದಲ್ಲೇ ಕಾಣುವ ಅನುಮಾನವನ್ನು ಬರೆಯುವುದಿಲ್ಲ. ನೀವು ತಲೆಯೆತ್ತಿ ನೋಡಲಿ ಅಂತಲೇ ಜಾಗ ಬಿಟ್ಟಿರುತ್ತಾರೆ. ಡಬ್ ಮಾಡಿದರೆ ಓದುವ ಕಷ್ಟ ತಪ್ಪುತ್ತದೆ, ನಿಜ. ಆದರೆ ನಟನ ಸ್ವಂತ ದನಿಯೇ ಹೋಗಿಬಿಡುತ್ತದೆ. ನನಗಂತೂ ಅದು ತೀರಾ ಜಾಸ್ತಿ ಬೆಲೆ ಅನಿಸುತ್ತದೆ.

ಸಬ್‌ಟೈಟಲ್‌ನಲ್ಲಿ ಏನೂ ಕಳೆಯುವುದಿಲ್ಲ ಅಂತ ನಾನು ಹೇಳಲಾರೆ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ 'ಘಟಶ್ರಾದ್ಧ'ವನ್ನೇ ನೋಡಿ. ಇಂಗ್ಲಿಷಿನಲ್ಲಿ ಅದರ ಹೆಸರು 'ದಿ ರಿಚುವಲ್', ಅಂದರೆ ಬರೀ 'ಆಚರಣೆ'. ಬದುಕಿರುವ ಹೆಣ್ಣಿಗೆ ಶ್ರಾದ್ಧ ಮಾಡಿ ಹೊರಹಾಕುವ ಕ್ರೌರ್ಯ ನಮ್ಮ ಪದದಲ್ಲಿದೆ, ಆ ಪದದಲ್ಲಿಲ್ಲ. ಆದರೂ 2024ರಲ್ಲಿ ಈ ಸಿನಿಮಾದ ಪುನಶ್ಚೇತನಗೊಂಡ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಅಲ್ಲಿಯವರಿಗೆ ನಮ್ಮದು ವಿದೇಶಿ ಸಿನಿಮಾ. ಅವರೂ ಕೆಳಗಿನ ಎರಡು ಸಾಲು ಓದಿಕೊಂಡೇ ಹಾಗೆ ಹೊರಹಾಕಿಸಿಕೊಂಡ ನಮ್ಮ ಯಮುನೆಯನ್ನು, ಅವಳ ಜೊತೆಗಿದ್ದ ಪುಟ್ಟ ಹುಡುಗ ನಾಣಿಯನ್ನು ನೋಡಿದರು. ಕನ್ನಡ ಬರಲ್ಲ ಅಂತ ಎದ್ದು ಹೋಗಲಿಲ್ಲ, ಅಲ್ವಾ?

ಇಂಥ ಸಿನಿಮಾಗಳಿಗೆ ಪ್ರತ್ಯೇಕ ಜಾಗ ಬೇಕು ಅನ್ನುವ ಯೋಚನೆ ಹಳೆಯದು. ಲಂಡನ್ನಿನಲ್ಲಿ 1925ರಲ್ಲೇ ಫಿಲ್ಮ್ ಸೊಸೈಟಿ, ಅಂದರೆ ಇಂಥ ಸಿನಿಮಾ ತರಿಸಿ ಒಟ್ಟಿಗೆ ನೋಡುವವರ ಸಂಘ, ಶುರುವಾಯಿತು. ಕಲ್ಕತ್ತೆಯಲ್ಲಿ 1947ರಲ್ಲಿ ಸತ್ಯಜಿತ್ ರಾಯ್ ಮತ್ತು ಗೆಳೆಯರು ಸೇರಿ ಒಂದನ್ನು ಕಟ್ಟಿದರು. ಆಗಿನ್ನೂ ರಾಯ್ ಒಂದು ಸಿನಿಮಾವನ್ನೂ ಮಾಡಿರಲಿಲ್ಲ. ಅವರೂ ಬರೀ ಪ್ರೇಕ್ಷಕರೇ.

"ಮುಂದಿನ ವಾರ ನೋಡಿದರಾಯಿತು" ಅನ್ನುವವರಿಗೂ ಒಂದು ಮಾತು. ಸಿನಿಮಾ ಈಗ ಸಾಮಾನ್ಯವಾಗಿ ಡಿಸಿಪಿ ಎಂಬ ಡಿಜಿಟಲ್ ರೂಪದಲ್ಲಿ, ಹಾರ್ಡ್ ಡಿಸ್ಕ್‌ನಲ್ಲೋ ಇಂಟರ್ನೆಟ್ ಮೂಲಕವೋ ಬರುತ್ತದೆ. ಎಷ್ಟೋ ಸಲ ಅದಕ್ಕೆ ಬೀಗ ಹಾಕಿರುತ್ತಾರೆ. ಬೀಗದ ಕೈ ಇನ್ನೊಂದು ಪುಟ್ಟ ಫೈಲ್. ಅದು ಆ ಸಭಾಂಗಣದ ಯಂತ್ರದಲ್ಲಿ, ಗೊತ್ತುಮಾಡಿದ ದಿನ, ಗೊತ್ತುಮಾಡಿದ ಹೊತ್ತಿನಲ್ಲಿ ಮಾತ್ರ ತೆರೆಯುತ್ತದೆ. ಹೊತ್ತು ಮೀರಿದರೆ ಸಿನಿಮಾ ಅಲ್ಲೇ ಇದ್ದರೂ ಓಡುವುದಿಲ್ಲ. ಪ್ರದರ್ಶನದ ಹಕ್ಕಿಗೆ ಕೊಟ್ಟ ಹಣವೂ ಎಷ್ಟೋ ಸಲ ಆ ಒಂದು ಆಟಕ್ಕೆ ಮಾತ್ರ. ನೂರು ಜನ ಬಂದರೂ ಅಷ್ಟೇ, ಹತ್ತು ಜನ ಬಂದರೂ ಅಷ್ಟೇ. ಹತ್ತೇ ಜನ ಬಂದ ಸಂಜೆ ಮುಗಿದ ಮೇಲೆ, ಖಾಲಿ ಕುರ್ಚಿಗಳ ನಡುವೆ ಲೆಕ್ಕ ಹಾಕುತ್ತ ಕೂತ ಕಾರ್ಯಕರ್ತರನ್ನು ನಾನು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಾಯ ಮಾಡುತ್ತಿದ್ದೇನೆ.

ಎಲ್ಲಿ ಕೂರಬೇಕು ಅನ್ನೋದನ್ನೂ ಹೇಳಿಬಿಡುತ್ತೇನೆ. ರಂಗಮಂದಿರ ನಾಟಕಕ್ಕೆ ಕಟ್ಟಿದ್ದು. ಕೆಲವು ಕಡೆ ನೆಲ ಸಮತಟ್ಟು, ಮುಂದಿನವರ ತಲೆ ಸರಿಯಾಗಿ ಆ ಎರಡು ಸಾಲಿಗೇ ಅಡ್ಡ ಬರುತ್ತದೆ. ಒಂದು ಸಲ ನಾನು ಅರ್ಧ ಸಿನಿಮಾವನ್ನು ಕತ್ತು ವಾಲಿಸಿಕೊಂಡೇ ನೋಡಿದೆ. ಸ್ವಲ್ಪ ಬೇಗ ಹೋಗಿ, ನಡುವಿನ ಸಾಲುಗಳಲ್ಲಿ, ಓಡಾಡುವ ದಾರಿಯ ಪಕ್ಕದ ಕುರ್ಚಿ ಹಿಡಿಯಿರಿ. ಆಯೋಜಕರೂ ಪರದೆಯನ್ನು ಎರಡಡಿ ಮೇಲೆ ಕಟ್ಟಿದರೆ ದೊಡ್ಡ ಉಪಕಾರ.

ಮುಗಿದ ತಕ್ಷಣ ಏಳಬೇಡಿ. ಎಷ್ಟೋ ಕಡೆ ಸಿನಿಮಾ ಆದ ಮೇಲೆ ಮಾತುಕತೆ ಇರುತ್ತದೆ. ಅಂಥ ಒಂದು ಸಂಜೆ ನನಗೆ ಮರೆಯಲು ಆಗಿಲ್ಲ. ಸಿನಿಮಾದಲ್ಲಿ ಒಬ್ಬ ಅಜ್ಜಿ ಜೋಗುಳ ಹಾಡುತ್ತಾಳೆ. ಹಾಡಿಗೆ ಸಬ್‌ಟೈಟಲ್ ಇರಲಿಲ್ಲ. ಕೊನೆಗೆ ದೀಪ ಹತ್ತಿದಾಗ ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತರು. ಅವರಿಗೆ ಆ ಭಾಷೆ ಬರುತ್ತಿತ್ತು. "ಆ ಜೋಗುಳದಲ್ಲಿ ಏನಿದೆ ಹೇಳಲಾ?" ಅಂದರು. ಆಗಲೇ ಬಾಗಿಲವರೆಗೆ ಹೋಗಿದ್ದವರೂ ಚಪ್ಪಲಿ ಸದ್ದು ನಿಲ್ಲಿಸಿ, ತಿರುಗಿ ನಿಂತರು.